ಬೀರಿಯ ಬಾವಿಯ ಕಲ್ಲು

ಸುಣ್ಣಕಲ್ಲಿನ ನೆಂಟ ಈ ಡಾಲೊಮೈಟ್ ಕಲ್ಲಿನ ಮೇಲೆ ನನಗೀಗ ಸಿಟ್ಟೂ ಬರುವುದಿಲ್ಲ, ಸುಸ್ತಷ್ಟೇ. ಅಂತರ್ಜಲ ಹುಡುಕುವ ಕೆಲಸದಲ್ಲೇ ಮೂವತ್ತೊಂದು ವರ್ಷ ಸವೆದೆ. ಶಾಂತಾರಾಮ ಸರ್ ತೋರಿಸಿದಲ್ಲಿ ನೀರು ಗ್ಯಾರಂಟಿ ಎಂದು ಕಾರವಾರದ ಕಚೇರಿಯಲ್ಲಿ ಯಾರೋ ನನ್ನ ಬಗ್ಗೆ ಹಬ್ಬಿಸಿದ್ದರು. ಅದನ್ನು ನಾನೂ ನಂಬಿಬಿಟ್ಟಿದ್ದೆ.

ಹೋದ ಮಾರ್ಚಿನಲ್ಲಿ ರಾಮನಗುಳಿಯಿಂದ ಒಳಗೆ, ಹುಲಿಯಾ ಮತ್ತು ಅವನ ಹೆಂಡತಿ ಬೀರಿಯ ಗದ್ದೆಯಂಚಿನಲ್ಲಿ ಬೋರ್ ಹೊಡೆಸಿದೆ. ಮೇಲೆ ಬಂದ ಡಾಲೊಮೈಟ್ ಚೂರುಗಳಲ್ಲಿ ಮೆಣಸಿನಕಾಳು ಕೂರುವಷ್ಟು ತೂತುಗಳಿದ್ದವು. ನೀರೂ ಉಕ್ಕಿತು. "ಇನ್ನು ಹಳೇ ಬಾವಿ ಯಾಕೆ? ದನ ಬಿದ್ದೀತು, ಮುಚ್ಚಿಬಿಡಿ" ಎಂದು ದೊಡ್ಡಸ್ತಿಕೆಯಲ್ಲಿ ಹೇಳಿದವನು ನಾನೇ. ಬೋರಿನಿಂದ ಬಂದ ಕಲ್ಲುಹಿಟ್ಟಿನ ರಾಡಿಯನ್ನೆಲ್ಲ ಹುಲಿಯಾ ಬುಟ್ಟಿಯಲ್ಲಿ ಹೊತ್ತು ಬಾವಿಗೆ ಸುರಿದ. ಜಾಗ ಚೊಕ್ಕವಾಯಿತೆಂದು ನಾನು ಬೆನ್ನು ತಟ್ಟಿದೆ.

ಹದಿನೆಂಟು ದಿನಕ್ಕೆ ಬೋರ್ ಬತ್ತಿತು. ತೂತುಗಳು ದೊಡ್ಡವು, ನಿಜ. ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ, ಬಾಗಿಲಿಲ್ಲದ ಕೋಣೆಗಳ ಹಾಗೆ. ಕೊರೆದಾಗ ಒಡೆದ ಕೋಣೆಗಳಷ್ಟೇ ಖಾಲಿಯಾದವು.

ಮೊನ್ನೆ ಹೋದಾಗ ಹುಲಿಯಾ ಬಾವಿಯ ಹೂಳೆತ್ತಿ ಮುಗಿಸಿದ್ದ. ಮಂಡಿನೋವು ನುಂಗಿಕೊಂಡು ಏಣಿಯಲ್ಲಿ ಇಳಿದೆ. ಗೋಡೆಯಿಂದ ಒಂದು ಚೂರು ಒಡೆದು ನೋಡಿದರೆ, ಅದೇ ಡಾಲೊಮೈಟ್, ಆದರೆ ಕಣ್ಣಿಗೆ ಒಂದೂ ತೂತಿಲ್ಲ. ಲೆನ್ಸ್ ಹಿಡಿದೆ. ಸಕ್ಕರೆಯಂಥ ಸಮ ಹರಳುಗಳು, ಪ್ರತಿ ಹರಳಿನ ಸುತ್ತ ಕೂದಲೆಳೆಯ ಸಂದು, ಒಂದು ಸಂದಿನಿಂದ ಇನ್ನೊಂದಕ್ಕೆ ದಾರಿ. ಹುಲಿಯಾನ ಅಜ್ಜನ ಕಾಲದಿಂದ ನೀರು ಒಸರಿದ್ದು ಇದರಲ್ಲೇ. ಈಗ ಗೋಡೆಯ ಉದ್ದಕ್ಕೂ ಆ ಸಂದುಗಳಲ್ಲಿ ಬೋರಿನ ಬಿಳಿ ಕಲ್ಲುಹಿಟ್ಟು ಕಚ್ಚಿ ಕೂತಿತ್ತು. ಅಂಗೈಯಿಟ್ಟು ಬಹಳ ಹೊತ್ತು ನಿಂತೆ, ಕೈ ಒಣಗೇ ಇತ್ತು.

ಮೇಲೆ ಬಂದಾಗ ಬೀರಿ ಗಂಗಾವಳಿ ಹೊಳೆಯಿಂದ ಬಂದು ಕೊಡ ಇಳಿಸುತ್ತಿದ್ದಳು. ಹೊಳೆ ಅಲ್ಲಿಂದ ಒಂದೂವರೆ ಮೈಲಿ.

"ನೀರ್ ಬರ್ತದ್ಯಾ ಸಾಹೇಬ್ರೆ?"

"ಬರೋದು ಕಷ್ಟ ಬೀರಿ. ತಪ್ಪು ನನ್ನದೇ."

"ಸುರದದ್ದು ನಾವೇ ಅಲ್ರಾ?" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಒಳಗೆ ಹೋಗಿ ಬೆಲ್ಲದ ತುಂಡು ತಂದಳು. ಈ ಕಡೆ ಬಿಸಿಲಲ್ಲಿ ಬಂದವರಿಗೆ ಮಾತಿಗಿಂತ ಮೊದಲು ಬೆಲ್ಲ-ನೀರು ಕೊಡಬೇಕು, ತಡವಾಯಿತೆಂದು ಅವಳಿಗೇ ಸಂಕೋಚ. ಆಗ ತಾನೇ ಇಳಿಸಿದ ಕೊಡ ಬಗ್ಗಿಸಿ ಚೊಂಬು ತುಂಬಿದಳು. ನಾನು ಎರಡು ಗುಟುಕು ಎತ್ತಿ ಕುಡಿದು, ಸಾಕೆಂದು ವಾಪಸು ಚಾಚಿದೆ.

ಅವಳು ಕೈ ಹಿಂದೆ ಕಟ್ಟಿಕೊಂಡಳು. "ಪೂರಾ ಕುಡೀರಿ. ಬಂದವ್ರಿಗೆ ನೀರ್ ಅಳೆದು ಕೊಡೂ ಮನಿ ಅಲ್ಲ ನಮ್ದು."

ಕುಡಿದೆ. ನಾನು ಚೊಂಬು ಕೆಳಗಿಡುವ ಮೊದಲೇ ಅವಳು ಇನ್ನೊಂದು ಖಾಲಿ ಕೊಡ ಎತ್ತಿಕೊಂಡು ಹೊಳೆಯ ದಾರಿ ಹಿಡಿದಿದ್ದಳು.