ಕೆಂಪಿಯ ನೊರೆಹಾಲು

ಮನೋಳಿಯ ಗುರುಬಸವ್ವನ ಮನೆಯಲ್ಲಿ ಸಾಕಿದ್ದ ಚಿಗರಿಮರಿ ಮೂರು ದಿನ ಮೇವು ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿತ್ತು.

ಹಿಂದಿನ ವರ್ಷ, ೧೯೭೦ರ ಸುಗ್ಗಿಯಲ್ಲಿ, ತಬ್ಬಲಿಯಾಗಿ ಹೊಲದಲ್ಲಿ ನಿಂತಿದ್ದ ಆ ಜಿಂಕೆಮರಿಯನ್ನು ಮಗ ಯಮನಪ್ಪ ಎತ್ತಿಕೊಂಡು ಬಂದಿದ್ದ. ಗುರುಬಸವ್ವ ಮನೆಯ ಆಕಳು ಕೆಂಪಿಯ ಹಾಲು ಕುಡಿಸಿ ಅದನ್ನು ಬೆಳೆಸಿದ್ದಳು. ಈಚೆಗೆ ಎರಡು ತಿಂಗಳಿಂದ ಅದು ಕೆಮ್ಮಿ ಕೆಮ್ಮಿ ಎಲುಬಿನ ಹಂದರವಾಗಿತ್ತು.

ಅಂದು ದನಗಳಿಗೆ ಸೂಜಿ ಹಾಕಲು ಸವದತ್ತಿಯಿಂದ ದನದ ಡಾಕ್ಟರು ತ್ರ್ಯಂಬಕರಾಯರು ಬಂದಿದ್ದರು. ಯಮನಪ್ಪ ಅವರನ್ನು ಕರೆತಂದ. ಊರಾಚೆ ಬೇವಿನ ಗಿಡದ ಕೆಳಗೆ ಅವರು ಮೂಗಿಗೆ ಅರಿವೆ ಕಟ್ಟಿಕೊಂಡು ಚಿಗರಿಯ ಹೊಟ್ಟೆ ಕೊಯ್ದು ನೋಡಿದರು. ಕರುಳಿನ ಸುತ್ತ, ಪುಪ್ಪುಸದ ತುಂಬ ಜೋಳದ ಕಾಳಿನಂಥ ಹಳದಿ ಗಂಟುಗಳು.

"ಇದು ಕ್ಷಯರೋಗದ ಹಾಂಗ ಕಾಣತದ," ಎಂದರು ಡಾಕ್ಟರು. "ಅವ್ವಾರ, ಇದಕ್ಕ ಏನ್ ಕುಡಸತಿದ್ರಿ?"

"ನಮ್ಮ ಕೆಂಪಿ ಹಾಲ್ರೀ."

"ಕಾಸಿ ಕುಡಸತಿದ್ರೇನು?"

"ಅಯ್ಯ, ಕಾಸಿದ್ರ ಹಾಲಿನ ಕಸುವ ಹೋಗತೈತ್ರಿ! ಮೊಮ್ಮಗಳಿಗೂ ದಿನಾ ಮುಂಜಾನಿ ಹಿಂಡಿದ್ದ ನೊರಿಹಾಲ ಕೊಡತೇನಿ."

ಡಾಕ್ಟರ ಕೈ ಅಲ್ಲಿಯೇ ನಿಂತಿತು. "ಆ ಹುಡುಗಿನ್ನ ತೋರಸ್ರಿ," ಎಂದರು.

ಆರು ವರ್ಷದ ತಂಗೆವ್ವನ ಕೊರಳಿಗೆ ಅರಿವೆ ಸುತ್ತಿತ್ತು. ಬಿಚ್ಚಿದರೆ ಕಿವಿಯ ಕೆಳಗೆ ಸಾಲಾಗಿ ಮೂರು ಗಂಟು. ಗುರುಬಸವ್ವ ತಿಂಗಳಿಂದ ಅರಿಷಿಣ, ಸುಣ್ಣ ಹಚ್ಚುತ್ತಿದ್ದಳು. ತಾನಾಗಿ ಇಳಿಯುತ್ತದೆ ಅಂದುಕೊಂಡಿದ್ದಳು.

"ದನದ ಕ್ಷಯ ಕಾಸಲಾರದ ಹಾಲಿನಿಂದ ಮನಶ್ಯಾರಿಗೂ ಬರತದ. ಸಣ್ಣ ಮಕ್ಕಳಿಗೆ ಹಿಂಗ ಕೊರಳಾಗ ಗಂಟ ಕಟ್ಟತಾವ. ನಾಳೆನ ಸವದತ್ತಿ ದವಾಖಾನಿಗೆ ಕರಕೊಂಡ ಹೋಗ್ರಿ. ಕೆಂಪಿನ್ನೂ ಪರೀಕ್ಷೆ ಮಾಡೋಣು."

ಗುರುಬಸವ್ವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಕೆಂಪಿಗೆ ಎಂಥಾ ರೋಗ್ರಿ? ಮೈ ನೋಡ್ರಿ, ಕನ್ನಡಿ ಹಾಂಗ ಹೊಳೀತೈತಿ! ಒಂದ ದಿನ ಕೆಮ್ಮಿಲ್ಲ, ಮೇವ ಬಿಟ್ಟಿಲ್ಲ."

"ಅದಕ್ಕ ಪರೀಕ್ಷೆ ಬೇಕಾಗೂದು. ಈ ರೋಗ ವರ್ಷಗಟ್ಟಲೆ ಒಳಗ ಅಡಗಿ ಕುಂಡ್ರತದ, ಹೊರಗ ಕಾಣೂದಿಲ್ಲ. ಆದ್ರ ರೋಗದ ಹುಳ ಒಳಗ ಹೊಕ್ಕಿದ್ರ ದೇಹಕ್ಕ ಅದರ ಗುರ್ತು ಇರತದ. ಚರ್ಮದಾಗ ಒಂದ ಹನಿ ಔಷಧ ಹಾಕಿದ್ರ ಆ ಗುರ್ತು ಬಾವಾಗಿ ಏಳತದ. ಬರೇ ರಕ್ತ ನೋಡಿ ಹೇಳೋ ದಾರೀನೂ ಹುಡುಕ್ಲಿಕ್ಕೆ ಹತ್ಯಾರ. ಅದು ಇನ್ನೂ ಕೈಗೆ ಬಂದಿಲ್ಲ."

ಸೊಸೆ ಬಾಯವ್ವ ಮಗಳನ್ನು ಎದೆಗೆ ಅವಚಿಕೊಂಡು, "ಅತ್ತಿ, ಸೂಜಿ ಹಾಕ್ಲಿ ಬಿಡ್ರಿ," ಎಂದಳು.

ಡಾಕ್ಟರು ಕೆಂಪಿಯ ಕುತ್ತಿಗೆಯ ಕೂದಲು ಕತ್ತರಿಸಿ, ಚರ್ಮದ ದಪ್ಪ ಅಳೆದು, ಸಣ್ಣ ಸೂಜಿಯಿಂದ ಔಷಧ ಹಾಕಿದರು. ಕೊಟ್ಟಿಗೆಯಲ್ಲಿದ್ದ ಎಮ್ಮೆಗೂ ಹಾಕಿ, ಮೂರು ದಿನ ಬಿಟ್ಟು ಬರುವುದಾಗಿ ಹೇಳಿ ಹೋದರು.

ಮರುದಿನ ಗುರುಬಸವ್ವ ಕೆಂಪಿಯ ಕುತ್ತಿಗೆಯನ್ನು ನೋಡಲೇ ಇಲ್ಲ. ಎರಡನೆಯ ದಿನ ಮೈ ತಿಕ್ಕುವಾಗ ಕೈಗೆ ಏನೋ ತಗುಲಿತು. ಮೂರನೆಯ ದಿನ ಅಲ್ಲಿ ನಿಂಬೆಕಾಯಿಯಷ್ಟು ಬಾವು. ಎಮ್ಮೆಯ ಚರ್ಮ ಮಾತ್ರ ಇದ್ದಂತೆಯೇ ಇತ್ತು.

ಡಾಕ್ಟರು ಅಳೆದು ನೋಡಿ ತಲೆ ಅಲ್ಲಾಡಿಸಿದರು. "ಕೆಂಪಿಗೆ ರೋಗ ಅದ, ಅವ್ವಾರ."

ಗುರುಬಸವ್ವ ಮೇವಿನ ಗೋದಲಿ ಹಿಡಿದುಕೊಂಡು ನಿಂತಳು. ಹಾಲೆಂದು ತಾನು ಪ್ರೀತಿಯಿಂದ ಕೊಟ್ಟದ್ದು ಏನು! ಸೊಸೆ ಒಲೆಯ ಮೇಲಿಟ್ಟ ಹಾಲನ್ನು ಎಷ್ಟು ಸಲ ತಾನೇ ಇಳಿಸಿದ್ದಳು! "ನನ್ನ ಕೈಯಾರೆ ಕುಡಿಸೇನ್ರಿ ಸಾಹೇಬ್ರ," ಅಂದಳು.

"ಗೊತ್ತಿಲ್ಲದ ಆಗೇದ. ಈಗರೆ ಗೊತ್ತಾತಲ್ಲ," ಎಂದರು ಡಾಕ್ಟರು. "ಕೆಂಪಿನ್ನ ಬ್ಯಾರೆ ಕಟ್ರಿ. ನೀರಿನ ಬಾನಿನೂ ಬ್ಯಾರೆ ಇರಲಿ. ಅದರ ಹಾಲು ಯಾರಿಗೂ ಬ್ಯಾಡ. ಎಮ್ಮಿನ್ನ ಕೆಲವು ತಿಂಗಳ ಬಿಟ್ಟು ಮತ್ತ ನೋಡೋಣು. ಮನಿ ಮಂದಿಯೆಲ್ಲಾ ದವಾಖಾನ್ಯಾಗ ತೋರಿಸ್ಕೊಳ್ರಿ."

ಸವದತ್ತಿಯ ದವಾಖಾನೆಯಲ್ಲಿಯೂ ತಂಗೆವ್ವನದು ಕ್ಷಯದ ಗಂಟೆಂದೇ ಹೇಳಿದರು. ಸೂಜಿ, ಗುಳಿಗೆ ಶುರುವಾದವು. ಉಳಿದವರಿಗೆ ರೋಗ ತಗುಲಿರಲಿಲ್ಲ.

ಆ ವಾರವೇ ದುರ್ಗಪ್ಪ ಎಂಬ ದಲಾಲಿ ಬಾಗಿಲಿಗೆ ಬಂದ. "ಯಮನಪ್ಪಾ, ಆಕಳ ನೋಡಾಕ ಚಲೋ ಐತಿ. ದೂರದ ಸಂತ್ಯಾಗ ದಾಟಿಸಿ ಬಿಡೂಣು. ಯಾರಿಗಿ ತಿಳೀತೈತಿ?" ಎಂದ.

ಗುರುಬಸವ್ವ ಒಳಗಿನಿಂದ ಎದ್ದು ಬಂದಳು.

"ಕೊಂಡವರ ಮನ್ಯಾಗ ಕೂಸ ಇರೂದಿಲ್ಲೇನೋ? ನಮ್ಮ ಹುಡುಗಿ ಕೊರಳಿಗಿ ಆದದ್ದ ಮತ್ತೊಬ್ಬರ ಮಗಳಿಗಿ ಆಗಬೇಕೇನು? ಕೆಂಪಿ ಇಲ್ಲೇ ಇರತೈತಿ, ಇಲ್ಲೇ ಸಾಯತೈತಿ. ನೀ ನಡಿ."

ದುರ್ಗಪ್ಪ ಬಂದ ದಾರಿ ಹಿಡಿದ.

ತಂಗೆವ್ವ ಒಂದೂವರೆ ವರ್ಷ ಒಂದು ದಿನವೂ ತಪ್ಪದೆ ಔಷಧ ತೆಗೆದುಕೊಂಡಳು. ಗಂಟುಗಳು ಕರಗಿದವು. ಅವಳು ಶಾಲೆಗೆ ಹೋಗತೊಡಗಿದಳು. ಗುರುಬಸವ್ವ ಓಣಿಯ ಮನೆಮನೆಗೂ ಹೋಗಿ, "ಹಾಲ ಉಕ್ಕಿತೇನು? ತೋರಸ್ರಿ," ಎಂದು ಕೇಳತೊಡಗಿದಳು. ಕೆಲವರು ನಕ್ಕರು. ಅವಳು ಕೇಳುವುದನ್ನು ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಆಕಳು, ಎಮ್ಮೆ ಎಷ್ಟೇ ದುಂಡಗಿದ್ದರೂ ದನದ ಡಾಕ್ಟರಿಂದ ಕ್ಷಯದ ಪರೀಕ್ಷೆ ಮಾಡಿಸಿ. ಹಾಲನ್ನು ಉಕ್ಕುವ ತನಕ ಕಾಸದೆ ಯಾರಿಗೂ ಕೊಡಬೇಡಿ. ಮಗುವಿನ ಕೊರಳಲ್ಲಿ ಗಂಟು ಕಂಡರೆ ಅರಿಷಿಣ ಹಚ್ಚುತ್ತ ಕೂರದೆ ದವಾಖಾನೆಗೆ ನಡೆಯಿರಿ. ರೋಗದ ದನವನ್ನು ಸಂತೆಗೆ ಹೊಡೆಯಬೇಡಿ. ನಿಮ್ಮ ಕೊಟ್ಟಿಗೆಯಲ್ಲಿ ಏನು ಅಡಗಿದೆಯೆಂದು ನೀವೇ ಮೊದಲು ತಿಳಿದುಕೊಳ್ಳಿ. ಮಕ್ಕಳ ಕೊರಳು ಅದನ್ನು ಹೇಳುವ ತನಕ ಕಾಯಬೇಡಿ.