ಎತ್ತಿಗೆ ಮೇಲಿನ ಹಲ್ಲು ಬಂದದ್ದು

ಮೊದಲ ಸಲದ ಖರ್ಚು ಒಟ್ಟು ಒಂಬತ್ತು ಸಾವಿರದ ಏಳುನೂರ ನಲವತ್ತು ರೂಪಾಯಿ. ಕಾಗದ, ಬಣ್ಣಕ್ಕೆ ಒಂಬೈನೂರು. ಹೈದರಾಬಾದಿನಲ್ಲಿ ಒಂದೊಂದೇ ಹಾಳೆಯನ್ನು ಕ್ಯಾಮೆರಾದ ಕೆಳಗಿಟ್ಟು ರೀಲು ಮಾಡಿಕೊಟ್ಟವನಿಗೆ ಆರು ಸಾವಿರ. ಚಿತ್ರ ಬರೆದ ಸುರಪುರದ ಪರಮಣ್ಣನವರಿಗೆ ಎರಡೂವರೆ ಸಾವಿರ. ಬಸ್ಸು, ಊಟಕ್ಕೆ ಮುನ್ನೂರ ನಲವತ್ತು. ಅದು ೧೯೮೮. ಎರಡನೇ ಸಲದ ಖರ್ಚು ನಾಲ್ಕು ಲಕ್ಷದ ಎಂಬತ್ತು ಸಾವಿರ, ಜಿಎಸ್‌ಟಿ ಬೇರೆ. ಎರಡು ಸಲವೂ ಬಂದದ್ದು ಒಂದೇ ಎತ್ತು, ನಲವತ್ತು ಸೆಕೆಂಡಿನದು.

ಶಹಾಪುರದಲ್ಲಿ ನಮ್ಮದು ಹತ್ತಿಕಾಳಿನ ಹಿಂಡಿ ಮಾಡುವ ಗಿರಣಿ. ನಾನು ಮದುವೆಯಾಗಿ ಬಂದ ವರ್ಷವೇ ನಮ್ಮ ಮನೆಯವರು ಊರಿನ ಥಿಯೇಟರಿನಲ್ಲಿ ತೋರಿಸಲು ಆ ಜಾಹೀರಾತು ಮಾಡಿಸಿದರು. ಪರಮಣ್ಣ ನಾನೂರ ಎಂಬತ್ತು ಹಾಳೆ ಕೈಯಿಂದಲೇ ಬರೆದಿದ್ದರು. ಸೊರಗಿದ ಎತ್ತೊಂದು ನೊಗ ಕಂಡು ಮುಖ ತಿರುಗಿಸುತ್ತದೆ. ನಮ್ಮ ಹಿಂಡಿ ತಿನ್ನುತ್ತದೆ. ಹಲ್ಲು ಕಿಸಿದು ನಗುತ್ತದೆ, ಎರಡು ಕಾಲ ಮೇಲೆ ಎದ್ದು ಕುಣಿಯುತ್ತದೆ, ಕೊನೆಗೆ ರೈತನನ್ನೇ ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಹೋಗುತ್ತದೆ. ಥಿಯೇಟರಿನವರು ರೀಲು ಬಿಟ್ಟು ಕಂಪ್ಯೂಟರಿಗೆ ಬಂದಾಗ ಅದನ್ನೂ ಅದರೊಳಗೆ ಹಾಕಿಕೊಂಡರು. ಹೀಗೆ ಮೂವತ್ತಾರು ವರ್ಷ ಆ ಎತ್ತು ಕುಣಿಯಿತು. ಗಿರಣಿಯ ಹೆಸರು ಯಾರಿಗೂ ಗೊತ್ತಿಲ್ಲ. "ನಗೋ ಎತ್ತಿನ ಹಿಂಡಿ ಕೊಡ್ರಿ" ಅನ್ನುತ್ತಾರೆ.

ಮನೆಯವರು ತೀರಿಕೊಂಡ ಮೇಲೆ ಗಿರಣಿ ನಾನು ನೋಡಿಕೊಂಡೆ. ಈಗ ಮಗಳು ಶಾಂಭವಿ ಜೊತೆಗಿದ್ದಾಳೆ. ಚುರುಕಿನ ಹುಡುಗಿ. ಒಂದು ದಿನ ಮೊಬೈಲು ಹಿಡಿದು ಬಂದಳು.

"ಅವ್ವಾ, ಈಗ ಹಳೇ ಕಾರ್ಟೂನ್ ಪಿಚ್ಚರ್ ಎಲ್ಲಾ ಖರೇ ಪ್ರಾಣಿಗತೆ ಮಾಡಾಕತ್ತಾರ. ಕೂದಲ ಕೂದಲ ಕಾಣ್ತದ, ನೋಡು."

"ಎತ್ತಿನ ಕೂದಲ ನೋಡಾಕ ಟಿಕೆಟ್ ಯಾಕ ತಗೋಬೇಕವ್ವ? ಹೊರಗ ಎತ್ತ ಇಲ್ಲೇನು?"

"ನಿನಗ ಹೊಸಾದು ಅಂದ್ರ ಆಗಂಗಿಲ್ಲ ಬಿಡು."

ಆ ಮಾತಿಗೆ ಸೋತೆ. ಹೊಸದು ಬೇಡ ಅಂದರೆ ಮುದುಕಿ ಅಂದಹಾಗೆ. ಹೈದರಾಬಾದಿನಲ್ಲಿ ಗ್ರಾಫಿಕ್ಸ್ ಕೆಲಸ ಮಾಡುವ ಯಾದಗಿರಿಯ ಹುಡುಗ ಮೌನೇಶನಿಗೆ ಮುಂಗಡ ಕೊಟ್ಟೆವು.

ಮೌನೇಶ ಶ್ರದ್ಧೆಯವನು. ಎತ್ತಿನ ಮುನ್ನೂರು ಫೋಟೊ ತೆಗೆದುಕೊಂಡು ಹೋದ. ತಿಂಗಳಾದ ಮೇಲೆ ಫೋನು ಬಂತು. ದನಿಯಲ್ಲಿ ಸಂಕೋಚ.

"ಅವ್ವಾರ, ತಪ್ಪ ತಿಳ್ಕೋಬ್ಯಾಡ್ರಿ. ಎತ್ತು ಎರಡು ಕಾಲಮ್ಯಾಲ ನಿಂತ್ರ ಹೊಟ್ಟಿ ಕೆಳಗಿಂದೆಲ್ಲಾ ಕಾಣ್ತದ. ಅಲ್ಲಿ ಏನು ತೋರಸ್ಬೇಕ್ರಿ?"

"ಪರಮಣ್ಣ ಏನು ತೋರಿಸ್ಯಾರ?"

"ಅವ್ರು ಏನೂ ಬರದೇ ಇಲ್ರಿ."

"ಮತ್ತ ನೀನೂ ಬಿಡು."

"ಇದು ಖರೇ ಎತ್ತಿನಂಗ ಅದರಿ. ಬಿಟ್ರ ಎದ್ದು ಕಾಣ್ತದ."

ಕೊನೆಗೆ ಎತ್ತಿನ ಸೊಂಟಕ್ಕೆ ಒಂದು ವಲ್ಲಿ ಸುತ್ತುವುದೆಂದು ತೀರ್ಮಾನವಾಯಿತು. ಅದಕ್ಕೆ ಹದಿನೆಂಟು ಸಾವಿರ ಹೆಚ್ಚಾಯಿತು. ಬಟ್ಟೆ ಅಲ್ಲಾಡಿಸುವುದು ಕಷ್ಟವಂತೆ.

ಕಾರ ಹುಣ್ಣಿಮೆಯ ದಿನ ಹೊಸ ಜಾಹೀರಾತು ತೋರಿಸಿದೆವು. ಎತ್ತು ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಮೆರೆಯುವ ದಿನ ಅದು. ಅಲ್ಲಿಂದ ಮುಂದಿನ ಒಂದೂವರೆ ತಿಂಗಳು, ಬಿತ್ತನೆಯ ಹೊತ್ತು, ನಮ್ಮ ವರ್ಷದ ಅರ್ಧ ವ್ಯಾಪಾರ. ಆ ಹಂಗಾಮು ಕೈಬಿಟ್ಟರೆ ಗಿರಣಿಯ ಹನ್ನೊಂದು ಆಳುಗಳಿಗೆ ದೀಪಾವಳಿತನಕ ಕೆಲಸ ಇರುವುದಿಲ್ಲ.

ಥಿಯೇಟರಿನಲ್ಲಿ ದೀಪ ಆರಿತು. ಎತ್ತು ಬಂತು. ಅಬ್ಬಾ, ಮೂಗಿನ ಮೇಲಿನ ಹನಿ ಕೂಡ ಕಾಣುತ್ತಿತ್ತು. ಶಾಂಭವಿ ನನ್ನ ಕೈ ಹಿಚುಕಿದಳು. ಆಮೇಲೆ ಹಿಂದಿನಿಂದ ಒಂದು ದನಿ:

"ಜವಾರಿ ಅದಲೇ. ನಡ ಸ್ವಲ್ಪ ಕುಸಿದದ."

"ಹಣಿ ಮ್ಯಾಲ ಸುಳಿ ನೋಡು. ಇಂಥದ್ದನ್ನ ಪುಕ್ಕಟ ಕೊಟ್ರೂ ಮನಿಗೆ ತರಬಾರದು."

ದನದ ಸಂತೆಯೇ ಸುರುವಾಯಿತು. ಫೋಟೊದಲ್ಲಿದ್ದ ಸುಳಿಯನ್ನು ಮೌನೇಶ ಕೂದಲು ಕೂದಲಾಗಿ ಇಳಿಸಿದ್ದ. ಅಷ್ಟರಲ್ಲಿ ಎತ್ತು ಹಿಂಡಿ ತಿಂದು ಬಾಯಿ ಅಗಲಿಸಿ ನಕ್ಕಿತು. ಗೋಗಿಯ ಅಂಬ್ರಪ್ಪ ಎದ್ದೇ ನಿಂತ. ನಮ್ಮ ದೊಡ್ಡ ಗಿರಾಕಿ, ಎತ್ತಿನ ಬಾಯಿ ನೋಡಿ ವಯಸ್ಸು ಹೇಳುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು.

"ಏ, ಮ್ಯಾಲೂ ಹಲ್ಲು ಅದಾವಲೇ!"

ಎತ್ತಿಗೆ ಮುಂದಿನ ಹಲ್ಲು ಇರುವುದು ಕೆಳಗೆ ಮಾತ್ರ. ಮೇಲೆ ಬರೀ ವಸಡು. ನಮ್ಮ ಕಡೆ ಮಗುವಿಗೂ ಗೊತ್ತು. ನಗು ಎಂದರೆ ಎರಡು ಸಾಲು ಹಲ್ಲು ಎಂದು ಮೌನೇಶ ನಗುವ ಹೊತ್ತಿಗೆ ಮಾತ್ರ ಎರಡೂ ಸಾಲು ಹೊಂದಿಸಿದ್ದ. ಆಮೇಲೆ ಆ ಎತ್ತು ವಲ್ಲಿ ಸುತ್ತಿಕೊಂಡು ಎರಡು ಕಾಲ ಮೇಲೆ ಎದ್ದಿತು. ಮುಂದಿನ ಸಾಲಿನ ಹೆಂಗಸೊಬ್ಬಳು "ಹಾಯಾಕ ಬಂತು!" ಎಂದು ಕೂಸನ್ನು ಎತ್ತಿಕೊಂಡು ಬಾಗಿಲ ಕಡೆ ಓಡಿದಳು. ರೈತನನ್ನು ಹೆಗಲಿಗೆ ಏರಿಸಿಕೊಂಡಾಗ ಹಿಂದಿನಿಂದ ಯಾರೋ, "ಹೋದ, ಪಾಪ" ಎಂದರು.

ನಗೆಯಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ಅಂಬ್ರಪ್ಪ ಗಿರಣಿ ಮುಂದಿನ ನಮ್ಮ ಅಂಗಡಿಗೆ ಬಂದು ಕಟ್ಟೆಯ ಮೇಲೆ ಕೂತ.

"ಅವ್ವಾರ, ಖರೇ ಹೇಳ್ರಿ. ಹಿಂಡಿಯೊಳಗ ಹೊಸಾ ಔಷಧ ಏನಾರ ಹಾಕಾಕತ್ತೀರೇನು?"

"ಯಾಕೋ?"

"ಆ ಎತ್ತು ಹಿಂಡಿ ತಿನ್ನೂಕಿಂತ ಮೊದಲು ಬಾಯಿ ತೆರೀತು. ಮ್ಯಾಲ ಹಲ್ಲು ಇರಲಿಲ್ಲ, ನಾ ನೋಡೀನಿ. ತಿಂದ ಮ್ಯಾಲ ಬಂದಾವ."

"ಅದು ಕಂಪ್ಯೂಟರಿಂದೋ ಅಂಬ್ರಪ್ಪ!"

"ಕಂಪ್ಯೂಟರಿಗೆ ಅಷ್ಟು ಚಲೋ ಕೂದಲ ಬರತಾವ, ಹಲ್ಲು ತಪ್ಪತಾವೇನ್ರಿ?"

ಉಳಿದದ್ದೆಲ್ಲ ಅಷ್ಟು ಖರೆಯಾಗಿರುವಾಗ ಹಲ್ಲೂ ಖರೆಯೇ ಇರಬೇಕು ಎಂಬುದು ಅವನ ಲೆಕ್ಕ. ವಾರದೊಳಗೆ ಗೋಗಿಯಿಂದ ಬರುವ ಆಟೊಗಳು ನಮ್ಮ ಅಂಗಡಿ ದಾಟಿ ಮುಂದೆ ಹೋಗತೊಡಗಿದವು. ನಮ್ಮ ಹಿಂಡಿ ತಿಂದರೆ ಎತ್ತಿನ ಬಾಯಿ ಕೆಡುತ್ತದೆ ಎಂದು ಸುದ್ದಿ. ಚೀಲಗಳು ಗೋಡೆಯೆತ್ತರ ಪೇರಿಕೊಂಡವು.

ಮೌನೇಶ ತಿದ್ದಿದ. ಮೇಲಿನ ಹಲ್ಲು ತೆಗೆದ. ಎತ್ತು ನಕ್ಕರೆ ಅಳುವ ಅಜ್ಜನ ಹಾಗೆ ಕಂಡಿತು. ನಗು ತೆಗೆದ. ಬಾಯಿ ಮುಚ್ಚಿಕೊಂಡು ಕುಣಿಯುವಾಗ ದೆವ್ವ ಹಿಡಿದಂತಿತ್ತು. ಕುಣಿತವನ್ನೂ ತೆಗೆದ. ಕೊನೆಗೆ ಉಳಿದದ್ದು, ನಲವತ್ತು ಸೆಕೆಂಡು ನಿಂತು ಮೆಲುಕು ಹಾಕುವ ಎತ್ತು.

"ಇದನ್ನ ನಮ್ಮ ಹಿತ್ತಲದಾಗ ನಿಂತು ಮೊಬೈಲ್ನಾಗ ತೆಗೀಬಹುದಿತ್ತಲ್ಲವ್ವ" ಎಂದೆ. ಶಾಂಭವಿ ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮರುದಿನ ಇಬ್ಬರೂ ಸುರಪುರಕ್ಕೆ ಹೋದೆವು. ಪರಮಣ್ಣನವರಿಗೆ ಈಗ ಎಂಬತ್ತರ ಹತ್ತಿರ. ಮೊಬೈಲಿನಲ್ಲಿ ಹೊಸ ಎತ್ತನ್ನು ಎರಡು ಸಲ ನೋಡಿದರು.

"ಹುಡುಗ ಕೆಲಸಗಾರ ಅದಾನ ತಂಗಿ. ಕಣ್ಣ ರೆಪ್ಪಿ ಭಾಳ ಚಲೋ ಮಾಡ್ಯಾನ."

"ನಿಮ್ಮ ಎತ್ತಿಗೂ ಮ್ಯಾಲ ಹಲ್ಲು ಇದ್ದವಲ್ರಿ ಅಣ್ಣಾರ?"

"ಮ್ಯಾಲ ಹದಿನಾರು ಬರದಿದ್ದೆ. ಕೆಳಗ ಹನ್ನೆರಡು. ಜಾಗಾ ಸಾಲಲಿಲ್ಲ."

"ಮೂವತ್ತಾರು ವರ್ಷ ಯಾರೂ ಕೇಳಲಿಲ್ಲಲ್ರಿ!"

"ಯಾಕ ಕೇಳ್ತಾರ? ನಾ ಮೊದಲು ನಗಿ ಬರದೆ. ಆಮ್ಯಾಲ ಅದಕ್ಕ ಕೊಂಬು, ಬಾಲ ಹಚ್ಚಿದೆ. ನೀವು ಮೊದಲು ಎತ್ತು ಮಾಡೀರಿ. ಎತ್ತು ಯಾಕ ನಗತದ? ಅದಕ್ಕ ನಗೂವಂಥಾದ್ದು ಏನದ, ಇಡೀ ದಿನ ನೇಗಿಲು ಜಗ್ಗತದ."

ಬರುವಾಗ ಬಸ್ಸಿನಲ್ಲಿ ಶಾಂಭವಿ ಅಂದಳು, "ಅವ್ವಾ, ತಪ್ಪು ನಂದು."

"ಚೆಕ್ಕಿಗೆ ಸಹಿ ನಂದು. ಅರ್ಧ ಅರ್ಧ ತಗೋಳೂಣು. ಈಗ ಹಿಂಡಿ ಹ್ಯಾಂಗ ಮಾರೂದು, ಅದನ್ನ ಹೇಳು."

ದಾರಿ ಅವಳೇ ಹೇಳಿದಳು. ಮರುದಿನ ಬೆಳಿಗ್ಗೆ ಗೋಗಿಗೆ ಹೋಗಿ, ಅಂಬ್ರಪ್ಪನ ಮನೆಯಲ್ಲಿ ಆರು ವರ್ಷದಿಂದ ನಮ್ಮ ಹಿಂಡಿಯನ್ನೇ ತಿಂದ ಎತ್ತಿನ ಬಾಯಿಯನ್ನು ಅವನಿಂದಲೇ ನೋಡಿಸಿ, ಎತ್ತನ್ನು ಅಂಬ್ರಪ್ಪನ ಸಮೇತ ಕರೆತಂದಳು. ಅಂಗಡಿಯ ಮುಂದೆ ಕಟ್ಟಿದೆವು. ಬಂದವರಿಗೆಲ್ಲ ಅಂಬ್ರಪ್ಪ ಡಾಕ್ಟರನ ಗತ್ತಿನಲ್ಲಿ ಎತ್ತಿನ ತುಟಿ ಎತ್ತಿ ತೋರಿಸಿದ.

"ನೋಡ್ರಿ. ಬೆರಳು ಹಾಕಿ ನೋಡ್ರಿ ಬೇಕಾರ. ಮ್ಯಾಲ ಒಂದೂ ಇಲ್ಲ."

ಹದಿನೈದು ದಿನ ಆ ಎತ್ತು ಬಾಯಿ ತೆರೆದು ತೆರೆದು ಸುಸ್ತಾಯಿತು. ಹಿಂಡಿ ಮಾತ್ರ ಎರಡು ಚೀಲ ತಿಂದಿತು, ಪುಕ್ಕಟೆಯಾಗಿ. ಆಟೊಗಳು ಒಂದೊಂದಾಗಿ ನಮ್ಮ ಅಂಗಡಿಯ ಮುಂದೆ ನಿಲ್ಲತೊಡಗಿದವು.

ಥಿಯೇಟರಿನಲ್ಲಿ ಪರಮಣ್ಣನವರ ಎತ್ತನ್ನೇ ಮತ್ತೆ ಹಾಕಿಸಿದೆವು. ಮೊದಲ ದಿನ ನಾನೂ ಶಾಂಭವಿಯೂ ಹೋಗಿ ಕೂತೆವು. ಎತ್ತು ಹಿಂಡಿ ತಿಂದಿತು, ನಕ್ಕಿತು. ಮುಂದಿನ ಸಾಲಿನಲ್ಲಿ ಮಕ್ಕಳು ಕೇಕೆ ಹಾಕಿದರು. ಹಿಂದಿನಿಂದ ಅಂಬ್ರಪ್ಪನ ದನಿ ಕೇಳಿತು, ಮೆಲ್ಲಗೆ, ಒಂಥರಾ ಬೇಜಾರಿನಿಂದ:

"ಹದಿನೈದು... ಹದಿನಾರು. ಏ, ಇದಕ್ಕೂ ಅದಾವಲೇ."

ಪಕ್ಕದವನು "ಹೂಂ" ಎಂದ. ದೊಡ್ಡವರು ಯಾರೂ ನಗಲಿಲ್ಲ.

ಹಂಗಾಮು ಮುಗಿಯುವ ಹೊತ್ತಿಗೆ ವ್ಯಾಪಾರ ಮುಕ್ಕಾಲು ಪಾಲು ವಾಪಸು ಬಂತು, ಹನ್ನೊಂದು ಆಳುಗಳಲ್ಲಿ ಯಾರನ್ನೂ ಬಿಡಿಸಲಿಲ್ಲ. ಕೊಟ್ಟ ದುಡ್ಡು ಹೋಯಿತು. ಅದರ ಜೊತೆ, ಮೂವತ್ತಾರು ವರ್ಷ ಹಲ್ಲು ಎಣಿಸದೆ ನಕ್ಕಿದ್ದ ಜನರೂ ಹೋದರು.