ಒಂದು ಕಾಲು ಕಾರಣಕ್ಕೆ

ಸೈಕಲ್ ರೇಸಿನ ಹಿಂದಿನ ದಿನ, ಬಸ್ಸಿಗೆ ಬಾಡಿ ಕಟ್ಟುವ ಕಾರ್ಖಾನೆಯ ಪೇಂಟ್ ಶೆಡ್ಡಿನಲ್ಲಿ ಮೂವರು ಗಂಡಸರು ಬೋರಲು ಹಾಕಿದ ಬಣ್ಣದ ಡಬ್ಬಗಳ ಮೇಲೆ ಕುಳಿತು ಕಾಲು ಬೋಳಿಸಿಕೊಳ್ಳುತ್ತಿದ್ದರು. ನಡುವೆ ಒಂದು ಬಕೆಟ್ ಬಿಸಿನೀರು, ಸುತ್ತ ಸೋಪಿನ ನೊರೆ. ತಂಡದ ನಾಲ್ಕನೆಯ ಸವಾರಳು, ಇಡೀ ಕಾರ್ಖಾನೆ ವೆಲ್ಡರಕ್ಕ ಎಂದು ಕರೆಯುವ ಹೆಂಗಸು, ಕಂಬಕ್ಕೊರಗಿ ಟೀ ಕುಡಿಯುತ್ತ ಈ ಚಂದ ನೋಡುತ್ತಿದ್ದಳು.

“ಬಾರಮ್ಮ, ನಿನ್ನ ಡಬ್ಬ ಖಾಲಿ ಇದೆ,” ಎಂದರು ಲೇತ್ ಮಾವ. ಲೇತ್ ಮೆಷಿನ್ನಿನ ಮುಂದೆಯೇ ತಲೆ ನರೆಸಿಕೊಂಡವರು, ತಂಡದ ನಾಯಕ.

“ಯಾಕೆ ಬೋಳಿಸ್ಬೇಕು ಅಂತ ಹೇಳಿ ಮಾವ. ಆಮೇಲೆ ಬರ್ತೀನಿ.”

“ಗಾಳಿ ಕಣಮ್ಮ. ನುಣ್ಣಗಿದ್ರೆ ಗಾಳಿ ಜಾರ್ಕೊಂಡು ಹೋಗುತ್ತೆ.”

“ಹಾಗಾದ್ರೆ ನಿಮ್ಮ ಮೀಸೆ? ಅದು ಗಾಳಿಗೆ ಸಲಾಂ ಹೊಡೆಯುತ್ತಾ?”

ಪೇಂಟರ್ ಪಕ್ಕೆ ಹಿಡಿದು ನಕ್ಕ. ಎಲೆಕ್ಟ್ರಿಷಿಯನ್ ಮಾತು ಕಮ್ಮಿಯ ಮನುಷ್ಯ. ರೇಜರು ಅಲುಗದಂತೆ ಹೊಟ್ಟೆಯೊಳಗೇ ನಕ್ಕು, “ಮಾಲೀಶಿಗೆ ಒಳ್ಳೇದು,” ಎಂದ.

“ನಿಮಗೆ ಯಾವ ಪುಣ್ಯಾತ್ಮ ಮಾಲೀಶು ಮಾಡ್ತಾನಪ್ಪ?”

ಎಲೆಕ್ಟ್ರಿಷಿಯನ್ ಯೋಚಿಸಿ ನೋಡಿದ. ಯಾರೂ ಹೊಳೆಯಲಿಲ್ಲ. ಮತ್ತೆ ರೇಜರು ಓಡಿಸತೊಡಗಿದ.

“ಬಿದ್ರೆ ಗಾಯ ತೊಳೆಯೋದು ಸಲೀಸು ಅಕ್ಕ. ಪಟ್ಟಿ ಕೀಳೋವಾಗ ಉರಿಯಲ್ಲ,” ಎಂದ ಪೇಂಟರ್. ಆಮೇಲೆ ದನಿ ತಗ್ಗಿಸಿ, “ನಿಜ ಹೇಳ್ಲಾ? ವಿಮಾ ಕಚೇರಿ ತಂಡದವ್ರು ಬೋಳಿಸ್ತಾರೆ. ಅವರ ಪಕ್ಕ ನಿಂತ್ರೆ ನಮ್ಮ ಕಾಲು ಕಂಬಳಿ ಹೊದ್ದಂಗೆ ಕಾಣುತ್ತೆ,” ಎಂದು ಸೇರಿಸಿದ.

“ಅಂತೂ ಒಬ್ಬನ ಬಾಯಲ್ಲಿ ಸತ್ಯ ಬಂತು,” ಎಂದಳು ವೆಲ್ಡರಕ್ಕ.

ಆಕೆಯ ಹಠ ಇವತ್ತು ನಿನ್ನೆಯದಲ್ಲ. ಹರೆಯದಲ್ಲಿ ಒಂದು ದೊಡ್ಡ ಬಟ್ಟೆಯಂಗಡಿಯ ಕೌಂಟರಿನಲ್ಲಿ ನಿಂತಿದ್ದಳು. ಮಂಡಿಯವರೆಗಿನ ಲಂಗ ಅಲ್ಲಿನ ಯೂನಿಫಾರ್ಮು. ಒಂದು ದಿನ ಮೇಲ್ವಿಚಾರಕ ಅವಳ ಕಾಲನ್ನೇ ನೋಡುತ್ತ, ಗಿರಾಕಿಗಳಿಗೆ ಮುಜುಗರವಾಗುತ್ತೆ, ನಾಳೆ ನುಣ್ಣಗೆ ಮಾಡಿಕೊಂಡು ಬಾ ಎಂದ. ಬಟ್ಟೆ ಮಾರಲು ಕೈ ಸಾಕು, ಬಾಯಿ ಸಾಕು. ಕಾಲಿನ ಕೂದಲಿಗೂ ಮಾಲೀಕನ ಅಪ್ಪಣೆಯೇ? ಮರುದಿನ ಅವಳು ಕಾಲನ್ನೂ ಬೋಳಿಸಲಿಲ್ಲ, ಅಂಗಡಿಗೂ ಹೋಗಲಿಲ್ಲ. ಬೆಸುಗೆ ಕಲಿತಳು. ಮುಖಕ್ಕೆ ಕಬ್ಬಿಣದ ಮರೆ, ಕಾಲಿಗೆ ದಪ್ಪ ಪ್ಯಾಂಟು, ಎದುರಿಗೆ ಬೆಂಕಿ. ಅಲ್ಲಿ ಎಲ್ಲರೂ ನೋಡುವುದು ಬೆಸುಗೆಯ ಗೆರೆಯನ್ನು ಮಾತ್ರ. ಗಂಡಸು ಕಾಲಿನ ಕೂದಲು ತೆಗೆದರೆ ಅದಕ್ಕೆ ಗಾಳಿ, ವೇಗ, ವಿಜ್ಞಾನ ಎಲ್ಲ ಸಾಕ್ಷಿಗೆ ಬರುತ್ತವೆ. ಹೆಂಗಸು ತೆಗೆಯಬೇಕು ಎನ್ನಲು ಒಂದು ಸಾಕ್ಷಿಯೂ ಬೇಡ. ತೆಗೆಯದಿದ್ದವಳೇ ಕಟಕಟೆ ಹತ್ತಬೇಕು. ಈ ಅನ್ಯಾಯ ನೆನೆದರೆ ಆಕೆಗೆ ಇವತ್ತಿಗೂ ಮೈ ಉರಿಯುತ್ತಿತ್ತು.

ಆದರೆ ಸೈಕಲ್ಲೆಂದರೆ ಆಕೆಗೆ ಜೀವ. ಬೆಳಗಿನ ಖಾಲಿ ರಸ್ತೆಯಲ್ಲಿ ಈ ಮೂವರ ಜೊತೆ, ಒಬ್ಬರ ಚಕ್ರಕ್ಕೊಬ್ಬರು ಅಂಟಿಕೊಂಡು ಹೋಗುವಾಗಿನ ಹುರುಪನ್ನು ಆಕೆ ಯಾವ ಬೆಲೆಗೂ ಬಿಟ್ಟುಕೊಡುವವಳಲ್ಲ. ಅದು ಲೇತ್ ಮಾವನಿಗೂ ಗೊತ್ತಿತ್ತು.

“ನೋಡಮ್ಮ,” ಎಂದರು ಅವರು, “ತಂಡ ಅಂದ್ಮೇಲೆ ಒಂದು ಶಿಸ್ತು. ನಾಳೆ ಹಾಗೇ ಬಾ, ಬೇಡ ಅನ್ನಲ್ಲ. ಆದ್ರೆ ನಿನ್ನ ಕಾಲಿಂದ ನಮಗೇನಾದ್ರೂ ತೊಡಕಾಯ್ತೋ, ಮುಂದಿನ ರೇಸಿಗೆ ಕೂದಲಾದ್ರೂ ತೆಗೀಬೇಕು, ಜಾಗವಾದ್ರೂ ಬಿಡ್ಬೇಕು.”

“ಆಯ್ತು ಮಾವ,” ಎಂದಳು. ಹೇಳಿ, ಟೀ ಲೋಟದ ಹಿಂದೆ ಮುಖ ಮರೆಸಿಕೊಂಡಳು.

ಅಷ್ಟರಲ್ಲಿ ಪೇಂಟರ್ ಎದ್ದು ನಿಂತು ತನ್ನ ತೊಡೆಯನ್ನು ಹೆಮ್ಮೆಯಿಂದ ನೋಡಿಕೊಂಡ. ಬಸ್ಸಿನ ಮೈಮೇಲೆ ಎರಡು ಬಣ್ಣ ಕೂಡುವ ಗೆರೆ ನೇರವಾಗಿರಲೆಂದು ಅಂಟುಟೇಪು ಅಂಟಿಸುವುದು ಅವನ ಕಸುಬು. ಚಡ್ಡಿಯ ಅಂಚಿನಲ್ಲಿ ಬೋಳಿನ ಗೆರೆ ಸೊಟ್ಟಗಾಗಬಾರದೆಂದು ಮೂವರ ತೊಡೆಗಳಿಗೂ ಅದೇ ಟೇಪನ್ನು ಸುತ್ತಲೂ ಬಿಗಿದಿದ್ದ. ಬಸ್ಸಿಗೆ ಕೂದಲಿರುವುದಿಲ್ಲ ಎಂಬ ಸಂಗತಿ ಅವನ ತಲೆಗೆ ಹೋಗಿರಲಿಲ್ಲ.

“ಈಗ ನೋಡಿ, ಗೆರೆ ಅಂದ್ರೆ ಹೀಗಿರ್ಬೇಕು,” ಎನ್ನುತ್ತ ಟೇಪಿನ ತುದಿ ಹಿಡಿದು ಸರ್ರನೆ ಎಳೆದ.

ಅವನ ಕೂಗಿಗೆ ಮಾಡಿನ ಪಾರಿವಾಳಗಳು ಹಾರಿಹೋದವು. ಎಲೆಕ್ಟ್ರಿಷಿಯನ್ ತನ್ನ ಟೇಪನ್ನು ಮುಟ್ಟಿ ನೋಡಿ, ಬಿಟ್ಟು, ಮತ್ತೆ ಮುಟ್ಟಿ, ತಲೆ ಮೇಲೆ ಕೈ ಹೊತ್ತು ಕುಳಿತ. ಲೇತ್ ಮಾವ ಮಾತ್ರ ಗಂಭೀರವಾಗಿ ಪ್ಯಾಂಟು ಏರಿಸಿದರು. “ನಂದು ಮನೆಗೆ ಹೋಗಿ ತೆಗೀತೀನಿ. ನಿಮ್ಮತ್ತೆ ಎಣ್ಣೆ ಹಚ್ಚಿ ನೆನೆಸಿ ಕೊಡ್ತಾಳೆ.”

ವೆಲ್ಡರಕ್ಕ ಕಂಬ ತಬ್ಬಿಕೊಂಡು ನಕ್ಕಳು. “ಉರಿಯಲ್ಲ ಅಂದ್ಯಲ್ಲೋ!”

“ಬೋಳಿಸಿದ ಕಡೆ ಉರಿಯಲ್ಲ ಅಂದೆ ಅಕ್ಕ,” ಎಂದ ಪೇಂಟರ್, ಕಣ್ಣೊರೆಸಿಕೊಳ್ಳುತ್ತ.

ಮರುದಿನದ ರೇಸಿನಲ್ಲಿ ನಿಯಮ ಒಂದೇ: ನಾಲ್ವರೂ ಗೆರೆ ದಾಟಿದಾಗಲೇ ತಂಡ ಮುಟ್ಟಿದ ಲೆಕ್ಕ. ಹೊರಡುವ ಜಾಗದಲ್ಲಿ ವಿಮಾ ಕಚೇರಿಯ ನಾಲ್ವರು ಪಾಲಿಶ್ ಹೊಡೆದ ಮೇಜಿನ ಕಾಲುಗಳಂತೆ ಮಿಂಚುವ ಕಾಲು ಇಟ್ಟುಕೊಂಡು ನಿಂತಿದ್ದರು. ಅವರಲ್ಲೊಬ್ಬ ವೆಲ್ಡರಕ್ಕನ ಕಾಲು ನೋಡಿ ಪಕ್ಕದವನಿಗೆ ಮೊಣಕೈ ತಿವಿದ. ಆಕೆ ಅವನ ಕಣ್ಣಲ್ಲಿ ಕಣ್ಣಿಟ್ಟು, “ಚೆನ್ನಾಗಿ ನೋಡ್ಕೊಳ್ಳಿ ಸಾರ್, ಆಮೇಲೆ ಬರೀ ಬೆನ್ನು ಕಾಣುತ್ತೆ,” ಎಂದಳು.

ಬೆನ್ನು ಕಾಣಿಸುವ ಲಕ್ಷಣವೂ ಇತ್ತು. ಗೋದಾಮುಗಳ ಸಾಲು, ರೈಲು ಸೇತುವೆ, ನದಿಯ ದಂಡೆ ಎಲ್ಲ ದಾಟುವವರೆಗೂ ಕಾರ್ಖಾನೆಯವರೇ ಮುಂದಿದ್ದರು. ಕೊನೆಯ ತಿರುವಿನಲ್ಲಿ ಪೇಂಟರ್ ಹಿಂದೆ ಯಾರು ಬರುತ್ತಿದ್ದಾರೆಂದು ಕತ್ತು ತಿರುಗಿಸಿದ. ಅವನ ಮುಂಚಕ್ರ ವೆಲ್ಡರಕ್ಕನ ಹಿಂಚಕ್ರಕ್ಕೆ ತಗುಲಿತು. ಇಬ್ಬರೂ ದೊಪ್ಪನೆ ಬಿದ್ದು, ಜಲ್ಲಿಯ ಮೇಲೆ ಜಾರಿದರು.

ಆಕೆ ಮೊದಲು ಎದ್ದಳು. ಎಡಗಾಲಿನಲ್ಲಿ ಮಂಡಿಯಿಂದ ಪಾದದವರೆಗೆ ರಕ್ತ, ಮಣ್ಣು, ಚೂರುಕಲ್ಲು. ಪೇಂಟರ್ ಮಂಕು ಬಡಿದವನಂತೆ ಕುಳಿತಿದ್ದ.

“ಏಳೋ! ಅಳೋದಾದ್ರೆ ಗೆರೆ ದಾಟಿ ಅಳು. ನನ್ನ ಚಕ್ರ ನೋಡ್ಕೊಂಡು ಬಾ. ಚಕ್ರ ಮಾತ್ರ!”

ಅವನನ್ನು ಗಾಳಿಯಿಂದ ಮರೆ ಮಾಡುತ್ತ, ಬೈಯುತ್ತ, ಹುರಿದುಂಬಿಸುತ್ತ ಗೆರೆಯವರೆಗೆ ಎಳೆದುಕೊಂಡು ಬಂದಳು. ವಿಮಾ ಕಚೇರಿ ಗೆದ್ದಿತ್ತು. ಇವರು ಎರಡನೆಯವರು. ಹೋದ ವರ್ಷ ಕೊನೆಯವರಾಗಿದ್ದವರಿಗೆ ಅದೇ ದೊಡ್ಡದು.

ಚಿಕಿತ್ಸೆಯ ಡೇರೆಯಲ್ಲಿ ಒಬ್ಬಳು ದಪ್ಪ ನರ್ಸಮ್ಮ. ಪೇಂಟರನ ಬೋಳು ಕಾಲಿನ ಗಾಯವನ್ನು ತೊಳೆದು, ಒರೆಸಿ, ಪಟ್ಟಿ ಅಂಟಿಸಿ, “ನಡಿ ಮಹರಾಯ,” ಎಂದು ಎಬ್ಬಿಸಿದಳು. ವೆಲ್ಡರಕ್ಕನ ಸರದಿ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೂದಲು ರಕ್ತದಲ್ಲಿ ಮೆತ್ತಿಕೊಂಡಿತ್ತು, ಕೂದಲಿನಲ್ಲಿ ಕಲ್ಲು ಸಿಕ್ಕಿಕೊಂಡಿತ್ತು.

“ಸುತ್ತ ಬೋಳಿಸದೆ ಗಾಯ ಕಾಣಲ್ಲ ತಾಯಿ. ಪಟ್ಟಿನೂ ಹಿಡಿಯಲ್ಲ.”

“ಈಗಲೇನಾ?”

“ಮುಂದಿನ ವಾರ ಬರ್ತೀಯಾ ಹಾಗಾದ್ರೆ?”

ಹಸಿ ಗಾಯದ ಅಂಚಿನಲ್ಲಿ ರೇಜರು ಓಡಿದಾಗ, ಬೆಸುಗೆಯ ಕಿಡಿಗೆ ಜಗ್ಗದ ಹೆಂಗಸು ಪೇಂಟರನ ಕೈಯನ್ನು ನುಜ್ಜುಗುಜ್ಜಾಗುವಂತೆ ಹಿಡಿದು ಅವನ ಏಳು ತಲೆಮಾರನ್ನೂ ನೆನೆದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು.

ಮನೆಯಲ್ಲಿ ಆಕೆಯ ಚಿಕ್ಕಮ್ಮ ಪಟ್ಟಿಯ ಸುತ್ತಲಿನ ನುಣುಪು ನೋಡಿ ಗಾಯವನ್ನೇ ಮರೆತರು. “ಅಬ್ಬ! ಕೊನೆಗೂ ಹೆಣ್ಣಿನ ಕಾಲಾಯ್ತು.”

“ಇಲ್ಲ ಚಿಕ್ಕಮ್ಮ, ಬಿದ್ದವರ ಕಾಲಾಯ್ತು,” ಎಂದು ಆಕೆ ಬಚ್ಚಲಿಗೆ ಹೋದಳು. ರೇಜರು ಕೈಗೆತ್ತಿಕೊಂಡಳು. ನರ್ಸಮ್ಮ ಅಲ್ಲಲ್ಲಿ ಬಿಟ್ಟದ್ದನ್ನೆಲ್ಲ ತೆಗೆದು ಎಡಗಾಲನ್ನು ಪೂರ್ತಿ ನುಣ್ಣಗೆ ಮಾಡಿದಳು. ಬಲಗಾಲನ್ನು ನೀರಿನಲ್ಲಿ ನೆನೆಸಿದಳು. ಬಟ್ಟೆಯಂಗಡಿಯ ಮೇಲ್ವಿಚಾರಕನ ಮುಖ ನೆನಪಾಯಿತು. ರೇಜರನ್ನು ಅಲ್ಲೇ ಇಟ್ಟಳು.

ಮರುದಿನ ಕ್ಯಾಂಟೀನಿನಲ್ಲಿ ಲೇತ್ ಮಾವ ಗಂಟಲು ಸರಿಮಾಡಿಕೊಂಡರು. “ತೊಡಕಾಗಿದ್ದು ನಿನ್ನಿಂದಲ್ಲ, ಒಪ್ಕೋತೀನಿ. ಆದ್ರೆ ಕಾರಣ ಕೇಳಿದ್ಯಲ್ಲ, ಸಿಕ್ತಾ?”

“ಸಿಕ್ತು ಮಾವ.” ಆಕೆ ಬೆಂಚಿನ ಮೇಲೆ ಕಾಲಿಟ್ಟು ಪ್ಯಾಂಟಿನ ಎರಡೂ ಕಾಲು ಮಡಚಿದಳು. “ಈ ಕಾಲು ಕಾರಣಕ್ಕೆ. ನೀವೆಲ್ಲ ಹೇಳಿದ್ರಲ್ಲಿ ಗಾಯದ ಮಾತೊಂದು ನಿಜ, ಅದಕ್ಕೆ ಮರ್ಯಾದೆ ಕೊಟ್ಟೆ. ಇನ್ನೊಂದು ನನ್ನ ಹಠಕ್ಕೆ. ಅದು ಬಿದ್ದಾಗ ಅದರ ಉರಿ ನಾನೇ ತಿಂತೀನಿ. ಜಾಗ ಮಾತ್ರ ಬಿಡಲ್ಲ.”

ಲೇತ್ ಮಾವ ಒಂದು ಕಾಲು ನೋಡಿದರು, ಇನ್ನೊಂದು ಕಾಲು ನೋಡಿದರು. “ಅಲ್ಲಮ್ಮ, ಬ್ಯಾಲೆನ್ಸ್ ತಪ್ಪಲ್ವಾ?” ಎಂದರು. ಇಡೀ ಕ್ಯಾಂಟೀನು ಗೊಳ್ಳೆಂದಿತು. ಅವರೂ ನಗು ತಡೆಯಲಾರದೆ, ಟೀ ಮೀಸೆಯ ಮೇಲೆ ಚೆಲ್ಲಿಕೊಂಡು, “ಎಳೀತೀಯಲ್ಲ ನಮ್ಮನ್ನ, ಅಷ್ಟು ಸಾಕು. ಹೆಂಗಾದ್ರೂ ಬಾ,” ಎಂದರು.

ಮುಂದಿನ ರೇಸನ್ನು ಅವರು ಗೆದ್ದರು. ಗೆದ್ದ ಮೇಲೆ ವಿಮಾ ಕಚೇರಿಯ ನಾಯಕ ಪೇಂಟರನನ್ನು ಬದಿಗೆ ಕರೆದು, ಆಯಮ್ಮ ಒಂದೇ ಕಾಲು ಬೋಳಿಸುವುದು ಯಾಕೆ ಎಂದು ಮೆಲ್ಲಗೆ ಕೇಳಿದ. ಪೇಂಟರ್ ಆಚೀಚೆ ನೋಡಿ, ಅವನ ಕಿವಿಯ ಹತ್ತಿರ ಬಾಗಿ, “ಗಾಳಿ ಸಾರ್. ಯಾರಿಗೂ ಹೇಳ್ಬೇಡಿ,” ಎಂದ.

ಅದರ ಮುಂದಿನ ರೇಸಿಗೆ ವಿಮಾ ಕಚೇರಿಯ ನಾಲ್ವರೂ ಒಂದೊಂದೇ ಕಾಲು ಬೋಳಿಸಿಕೊಂಡು ಬಂದಿದ್ದರು. ವೆಲ್ಡರಕ್ಕ ಅವರ ಸಾಲನ್ನು ಉದ್ದಕ್ಕೂ ನೋಡಿದಳು. ಮೊದಲ ರೇಸಿನಲ್ಲಿ ಮೊಣಕೈ ತಿವಿದಿದ್ದ ಆಸಾಮಿಯ ಮುಂದೆ ಸೈಕಲ್ ನಿಲ್ಲಿಸಿ, ಬಹಳ ಮರುಕದಿಂದ ತಲೆಯಾಡಿಸಿದಳು.

“ಅಯ್ಯೋ ಸಾರ್, ಯಾರು ಹೇಳಿದ್ದು ನಿಮಗೆ? ಬೋಳಿಸೋದು ಎಡಗಾಲು, ಇದು ಬಲಗಾಲು!”